ವೈಫೈಗೆ ಬೀಗ ಉಂಟು, ಗೋಡೆಯ ಸಾಕೆಟ್ಟಿಗೆ ಬಾಗಿಲೇ ಇಲ್ಲ

ಜೂನ್ ತಿಂಗಳು, ಪ್ರವೇಶದ ಗದ್ದಲ. ರಾಯಚೂರಿನ ಒಂದು ಕಾಲೇಜಿನ ಕಚೇರಿಯಲ್ಲಿ ಕೂತು ವೈಫೈ ಪಾಸ್‌ವರ್ಡ್ ಏನು ಎಂದು ಕೇಳಿದೆ. ಗುಮಾಸ್ತರು ರಸೀದಿ ಬರೆಯುತ್ತಲೇ ಎಡಗೈ ಎತ್ತಿ ಗೋಡೆ ತೋರಿಸಿದರು. ಕ್ಯಾಲೆಂಡರಿನ ಕೆಳಗೆ ಟೇಪು ಹಚ್ಚಿ ಅಂಟಿಸಿದ ಚೀಟಿ. ಬಿಸಿಲಿಗೆ ಅದರ ಅಂಚು ಹಳದಿಯಾಗಿ ಸುರುಳಿ ಸುತ್ತಿತ್ತು.

"ಇದನ್ನ ಯಾವಾಗ ಬದಲಿ ಮಾಡಿದ್ರಿ ಸರ್?"

"ಬದಲಿ ಮಾಡಾಕ ಹೋದ್ರ ಎಲ್ಲಾರ ಫೋನಿಗೂ ಮತ್ತ ನಾನಾ ಹಾಕಿಕೊಡಬೇಕ್ರಿ. ಹಂಗಾಗಿ ಇದ್ದದ್ದ ಇರ್ಲಿ ಅಂತ ಬಿಟ್ಟೀವ್ರಿ."

ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಮನಸ್ಸಾಗಲಿಲ್ಲ. ಒಂದೇ ಪಾಸ್‌ವರ್ಡನ್ನು ನೂರಾರು ಮಂದಿಗೆ ಹಂಚಿದ ಮೇಲೆ ಅದನ್ನು ಬದಲಿಸುವುದು ಎಂದರೆ ನೂರಾರು ಮಂದಿಯ ಸರದಿಯನ್ನು ಒಬ್ಬರ ಮೇಜಿನ ಮುಂದೆ ನಿಲ್ಲಿಸಿದಂತೆ. ಆದ್ದರಿಂದ ಯಾರೂ ಬದಲಿಸುವುದಿಲ್ಲ. ಕೆಲಸ ಬಿಟ್ಟು ಹೋದವರು, ಹೋದ ವರ್ಷದ ಅತಿಥಿ ಉಪನ್ಯಾಸಕರು, ಪಾಸಾಗಿ ಬೆಂಗಳೂರು ಸೇರಿದ ಹುಡುಗರು, ಎಸಿ ರಿಪೇರಿಗೆ ಬಂದವನು, ಎದುರಿನ ಜೆರಾಕ್ಸ್ ಅಂಗಡಿಯವನು ಎಲ್ಲರ ಫೋನಿನಲ್ಲೂ ಆ ಪಾಸ್‌ವರ್ಡ್ ಇನ್ನೂ ಜೀವಂತ.

ಆ ಮೇಲೆ ಪ್ರಾಂಶುಪಾಲರ ಒಪ್ಪಿಗೆ ಪಡೆದು ಇನ್ನೊಂದು ಪರೀಕ್ಷೆ ಮಾಡಿದೆ. ಪಡಸಾಲೆಯಲ್ಲಿ ಕುಡಿಯುವ ನೀರಿನ ಫಿಲ್ಟರಿನ ಪಕ್ಕ, ನೆಲದಿಂದ ಒಂದು ಮೊಳ ಎತ್ತರದಲ್ಲಿ ಹಳೆಯ ಲ್ಯಾನ್ ಸಾಕೆಟ್, ಅಂದರೆ ಕಚೇರಿಯ ಜಾಲದ ಕೇಬಲ್ ಚುಚ್ಚುವ ಕಿಂಡಿ, ಇತ್ತು. ಮೊದಲು ಅಲ್ಲಿ ಹಾಜರಿ ಯಂತ್ರ ಇತ್ತಂತೆ. ನನ್ನ ಲ್ಯಾಪ್‌ಟಾಪಿನ ಕೇಬಲ್ ಚುಚ್ಚಿದೆ. ಯಾವ ಹೆಸರೂ ಕೇಳಲಿಲ್ಲ, ಯಾವ ಪಾಸ್‌ವರ್ಡೂ ಕೇಳಲಿಲ್ಲ. ಕೆಲವೇ ಕ್ಷಣಗಳಲ್ಲಿ ಜಾಲದೊಳಗಿನ ಮನೆ ನಂಬರಿನಂಥ ಐಪಿ ವಿಳಾಸ ಬಂತು, ಒಂದು ನಿಮಿಷದೊಳಗೆ ಲೆಕ್ಕಪತ್ರ ವಿಭಾಗದ ಕಂಪ್ಯೂಟರಿನ ಹಂಚಿಕೆ ಫೋಲ್ಡರ್ ತೆರೆಯಿತು. ಗೋಡೆಯ ಮೇಲಿನ ಚೀಟಿಯನ್ನು ಹರಿದು ಹಾಕಿದ್ದರೂ ಈ ದಾರಿ ಹೀಗೇ ತೆರೆದಿರುತ್ತಿತ್ತು.

ರಾಯಚೂರು, ಕೊಪ್ಪಳ, ಬಳ್ಳಾರಿಗಳಲ್ಲಿ ನಾನು ನೋಡಿದ ಕಚೇರಿ, ಕಾಲೇಜು, ಆಸ್ಪತ್ರೆಗಳಲ್ಲಿ ಬಹುಪಾಲು ಇದೇ ಸ್ಥಿತಿ. ಭದ್ರತೆ ಎಂದರೆ ವೈಫೈ ಪಾಸ್‌ವರ್ಡ್ ಎಂದೇ ತಿಳಿದಿದ್ದಾರೆ. ತಂತಿಯ ಜಾಲವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಅದು ನಮ್ಮದೇ ಕಟ್ಟಡದ ಒಳಗಿದೆಯಲ್ಲ ಎಂಬ ಧೈರ್ಯ. ಆದರೆ ಸರ್ಕಾರಿ ಆಸ್ಪತ್ರೆಯ ಕಟ್ಟಡದೊಳಗೆ ದಿನಕ್ಕೆ ಎಷ್ಟು ಮಂದಿ ಓಡಾಡುತ್ತಾರೆ ಎಂದು ಒಮ್ಮೆ ಹೊರರೋಗಿ ವಿಭಾಗದ ಮುಂದೆ ನಿಂತು ನೋಡಿದರೆ ಆ ಧೈರ್ಯ ಉಳಿಯುವುದಿಲ್ಲ.

ಈ ಮಾತು ಈಗ ಯಾಕೆ ಎಂದರೆ, ಕಾನೂನಿನ ಕಡೆಯಿಂದಲೂ ಒತ್ತಡ ಬಂದಿದೆ. 2022ರ ಏಪ್ರಿಲ್ 28ರಂದು ಕೇಂದ್ರದ ಸೈಬರ್ ತುರ್ತು ಪಡೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನದ ಪ್ರಕಾರ, ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ವ್ಯವಸ್ಥೆಯ ಲಾಗ್‌ಗಳನ್ನು, ಅಂದರೆ ಯಾವಾಗ ಏನಾಯಿತು ಎಂಬ ದಾಖಲೆಗಳನ್ನು, 180 ದಿನ ಇಟ್ಟುಕೊಳ್ಳಬೇಕು. ಸರ್ಕಾರಿ ಸಂಸ್ಥೆಗಳೂ ಇದರ ವ್ಯಾಪ್ತಿಗೆ ಬರುತ್ತವೆ. ಸರಿ, ಲಾಗ್ ಇಟ್ಟೆವು. ಅದರಲ್ಲಿ ಏನಿರುತ್ತದೆ? ಒಂದೇ ಪಾಸ್‌ವರ್ಡಿನ ವೈಫೈಯಲ್ಲಿ ಸಾಧನದ ಮ್ಯಾಕ್ ವಿಳಾಸ, ಅಂದರೆ ಜಾಲದಲ್ಲಿ ಆ ಸಾಧನವನ್ನು ಗುರುತಿಸುವ ಸಂಖ್ಯೆ, ಮಾತ್ರ. 2019ರ ಆಂಡ್ರಾಯ್ಡ್ 10, 2020ರ ಐಓಎಸ್ 14ರ ನಂತರ ಫೋನುಗಳು ಪ್ರತಿ ಜಾಲಕ್ಕೂ ಒಂದೊಂದು ಕಲ್ಪಿತ ಮ್ಯಾಕ್ ವಿಳಾಸ ಕೊಡುತ್ತವೆ. ಜನರ ಖಾಸಗಿತನಕ್ಕೆ ಅದು ಒಳ್ಳೆಯದೇ. ಆದರೆ "ಮೂರು ಗಂಟೆ ಹೊತ್ತಿಗೆ ಇದನ್ನು ಮಾಡಿದವರು ಯಾರು" ಎಂದು ಪೊಲೀಸರು ಕೇಳಿದರೆ ಕಾಲೇಜಿನ ಹತ್ತಿರ ಉತ್ತರ ಇರುವುದಿಲ್ಲ.

ಇಂಥ ಪ್ರಶ್ನೆ ಒಬ್ಬರ ಬದುಕಿನ ಮೇಲೆ ಹೇಗೆ ಬೀಳುತ್ತದೆ ಎಂಬುದಕ್ಕೆ ಹಳೆಯ ಉದಾಹರಣೆಯೊಂದಿದೆ. 2008ರ ಜುಲೈ 26ರಂದು ಅಹಮದಾಬಾದ್ ಸ್ಫೋಟಗಳಿಗೆ ಕೆಲವೇ ನಿಮಿಷ ಮೊದಲು ಮಾಧ್ಯಮಗಳಿಗೆ ಬಂದ ಈಮೇಲಿನ ಜಾಡು ಹಿಡಿದು ಹೋದ ಪೊಲೀಸರು ತಲುಪಿದ್ದು ನವಿ ಮುಂಬೈಯ ಒಂದು ಫ್ಲ್ಯಾಟಿಗೆ. ಅಲ್ಲಿನ ವೈಫೈಗೆ ರಕ್ಷಣೆ ಇರಲಿಲ್ಲ, ಯಾರೋ ಅದನ್ನು ಬಳಸಿದ್ದರು. ಮನೆಯವರು ವಿಚಾರಣೆ ಎದುರಿಸಬೇಕಾಯಿತು. ಮರುವರ್ಷ ದೂರಸಂಪರ್ಕ ಇಲಾಖೆ ವೈಫೈ ಬಳಕೆದಾರರ ಗುರುತು ಖಾತ್ರಿ ಮಾಡಿಕೊಳ್ಳಬೇಕೆಂದು ಸೇವಾದಾರರಿಗೆ ಸೂಚನೆ ಕೊಟ್ಟಿತು. ರೈಲ್ವೆ ನಿಲ್ದಾಣದ ವೈಫೈ ಇಂದು ಮೊಬೈಲಿಗೆ ಒಟಿಪಿ ಕಳಿಸುವುದರ ಹಿಂದೆ ಆ ಕಥೆ ಇದೆ.

ಹಾಗಾದರೆ ದಾರಿ ಏನು? ಪ್ರತಿಯೊಬ್ಬರಿಗೂ ಅವರದೇ ಖಾತೆ, ತಂತಿ ಇರಲಿ ಗಾಳಿ ಇರಲಿ ಒಂದೇ ಕಡೆ ಪರಿಶೀಲನೆ. ಇದಕ್ಕಿರುವ ಮಾನದಂಡದ ಹೆಸರು 802.1ಎಕ್ಸ್. ಹೆಸರು ಕೇಳಿ ಗಾಬರಿಯಾಗಬೇಕಿಲ್ಲ. ಸಿಂಧನೂರು, ಕಾರಟಗಿ, ಗಂಗಾವತಿ ಕಡೆಯ ಅಕ್ಕಿ ಗಿರಣಿಯ ಗೇಟು ನೋಡಿದವರಿಗೆ ಇದು ಆಗಲೇ ಗೊತ್ತಿರುವ ವ್ಯವಹಾರ.

ಭತ್ತದ ಲಾರಿ ಗೇಟಿಗೆ ಬಂದು ನಿಲ್ಲುತ್ತದೆ. ಕಾವಲುಗಾರನಿಗೆ ಯಾವ ಲಾರಿ ಯಾರದು ಎಂದು ತಿಳಿಯದು, ತಿಳಿಯಬೇಕಾಗಿಯೂ ಇಲ್ಲ. ಡ್ರೈವರ್ ಕೊಟ್ಟ ಮುಚ್ಚಿದ ಲಕೋಟೆಯನ್ನು ಒಳಗೆ ಗುಮಾಸ್ತನಿಗೆ ಮುಟ್ಟಿಸುತ್ತಾನೆ. ಗುಮಾಸ್ತ ತನ್ನ ಖಾತೆ ಪುಸ್ತಕ ನೋಡಿ ಹೇಳುತ್ತಾನೆ: "ಬಿಡು, ಮೂರನೇ ಗೋದಾಮಿಗೆ ಕಳಿಸು." ಆಗ ಗೇಟು ತೆರೆಯುತ್ತದೆ. ಇಲ್ಲಿ ಲಾರಿ ಎಂದರೆ ನಿಮ್ಮ ಲ್ಯಾಪ್‌ಟಾಪ್ ಅಥವಾ ಫೋನ್. ಕಾವಲುಗಾರ ಎಂದರೆ ತಂತಿಯ ಕಡೆ ಸ್ವಿಚ್ (ಕೇಬಲ್ಲುಗಳೆಲ್ಲ ಬಂದು ಸೇರುವ ಪೆಟ್ಟಿಗೆ), ಗಾಳಿಯ ಕಡೆ ಆಕ್ಸೆಸ್ ಪಾಯಿಂಟ್ (ವೈಫೈ ಬಿತ್ತುವ ಪೆಟ್ಟಿಗೆ). ಗುಮಾಸ್ತ ಎಂದರೆ ರೇಡಿಯಸ್ ಸರ್ವರ್. ಗೋದಾಮಿನ ಸಂಖ್ಯೆ ಎಂದರೆ ವಿಲ್ಯಾನ್, ಒಂದೇ ಜಾಲದೊಳಗೆ ಬೇರೆ ಬೇರೆ ಮಾಡಿದ ವಿಭಾಗ: ಉಪನ್ಯಾಸಕರಿಗೆ ಒಂದು, ವಿದ್ಯಾರ್ಥಿಗಳಿಗೆ ಒಂದು, ಲೆಕ್ಕಪತ್ರಕ್ಕೆ ಒಂದು. ಅನುಮತಿ ಸಿಗುವವರೆಗೆ ಸ್ವಿಚ್ಚಿನ ಆ ಪೋರ್ಟು (ಕೇಬಲ್ ಸೇರುವ ಕಿಂಡಿ) ಈ ಲಕೋಟೆಯ ವ್ಯವಹಾರ ಬಿಟ್ಟು ಬೇರೆ ಯಾವ ಪ್ಯಾಕೆಟ್ಟನ್ನೂ, ಅಂದರೆ ಮಾಹಿತಿಯ ತುಣುಕನ್ನೂ, ಒಳಗೆ ಬಿಡುವುದಿಲ್ಲ. ಐಪಿ ವಿಳಾಸ ಬೇಡುವ ಪ್ಯಾಕೆಟ್ ಕೂಡ ಹೊರಗೇ ನಿಲ್ಲುತ್ತದೆ. ನೀರಿನ ಫಿಲ್ಟರಿನ ಪಕ್ಕದ ಸಾಕೆಟ್ಟಿನಲ್ಲಿ ನನಗೆ ಸಿಕ್ಕಿದ್ದು ಆಗ ಸಿಗುತ್ತಿರಲಿಲ್ಲ.

ರೇಡಿಯಸ್ ಹೊಸದೇನಲ್ಲ. 1991ರಲ್ಲಿ ಲಿವಿಂಗ್‌ಸ್ಟನ್ ಎಂಟರ್‌ಪ್ರೈಸಸ್ ಎಂಬ ಕಂಪನಿ ಡಯಲ್-ಅಪ್ ಮೋಡೆಮ್ ಕಾಲಕ್ಕೆಂದು ಮಾಡಿದ್ದು. 802.1ಎಕ್ಸ್ ಬಂದದ್ದು 2001ರಲ್ಲಿ, ಅದೂ ಮೊದಲು ತಂತಿಯ ಪೋರ್ಟುಗಳನ್ನು ಕಣ್ಣಮುಂದಿಟ್ಟುಕೊಂಡು. ವೈಫೈಯ ಮಾನದಂಡ 2004ರಲ್ಲಿ ಅದನ್ನು ತನ್ನೊಳಗೆ ಸೇರಿಸಿಕೊಂಡಿತು. ನಿಮ್ಮ ಫೋನಿನ ವೈಫೈ ಸೆಟ್ಟಿಂಗಿನಲ್ಲಿ 'ಎಂಟರ್‌ಪ್ರೈಸ್' ಎಂದು ಕಾಣುವುದು ಇದೇ. ಅಂದರೆ ತಂತಿಗಾಗಿ ಹುಟ್ಟಿದ ಬೀಗ ಇದು. ನಮ್ಮ ಕಡೆ ತಂತಿಗೇ ಹಾಕದೆ ಬಿಟ್ಟಿದ್ದೇವೆ.

ವೈಫೈಯಲ್ಲಿ ಇದರಿಂದ ಇನ್ನೊಂದು ಲಾಭ ಉಂಟು. ಡಬ್ಲ್ಯೂಪಿಎ2 ಎಂಬ ವೈಫೈ ಭದ್ರತಾ ರೀತಿಯ ಹಂಚಿಕೆಯ ಪಾಸ್‌ವರ್ಡ್ ಗೊತ್ತಿರುವವನು, ನೀವು ಸಂಪರ್ಕ ಪಡೆಯುವ ಕ್ಷಣವನ್ನು ಗಾಳಿಯಲ್ಲಿ ಹಿಡಿದಿಟ್ಟರೆ, ನಿಮ್ಮ ಸಂಚಾರವನ್ನೂ ಬಿಡಿಸಿ ಓದಬಲ್ಲ. ಎಂಟರ್‌ಪ್ರೈಸ್ ರೀತಿಯಲ್ಲಿ ಪ್ರತಿ ಸಾಧನಕ್ಕೂ ಬೇರೆ ಬೇರೆ ಗೂಢಲಿಪಿ ಕೀಲಿ ಹುಟ್ಟುತ್ತದೆ, ಪಕ್ಕದ ಬೆಂಚಿನವನಿಗೆ ನಿಮ್ಮದು ಓದಲಾಗದು. ತಂತಿಯ ಕಡೆ ಹಾಗಲ್ಲ ಎಂಬುದನ್ನೂ ಹೇಳಿಬಿಡಬೇಕು. ಅಲ್ಲಿ 802.1ಎಕ್ಸ್ ಬಾಗಿಲು ತೆರೆಯುತ್ತದೆ ಅಷ್ಟೇ, ಒಳಗೆ ಹೋಗುವ ಮಾತನ್ನು ಮುಚ್ಚುವುದಿಲ್ಲ. ಅದಕ್ಕೆ ಮ್ಯಾಕ್‌ಸೆಕ್ ಎಂಬ ಬೇರೆ ವ್ಯವಸ್ಥೆ ಬೇಕು, ಅದನ್ನು ಬಲ್ಲ ಸ್ವಿಚ್ಚುಗಳ ಬೆಲೆಯೂ ಹೆಚ್ಚು. ನಮ್ಮ ಜಿಲ್ಲಾ ಮಟ್ಟದ ಸಂಸ್ಥೆಗಳಿಗೆ ಅದು ಮೊದಲ ಹೆಜ್ಜೆಯಲ್ಲ.

ಈಗ ನನಗೆ ತುಂಬ ಕಾಡುವ ವಿಷಯ. ಎಂಟರ್‌ಪ್ರೈಸ್ ವೈಫೈ ಹಾಕಿಸಿದ ಕಡೆಗಳಲ್ಲೂ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಒಂದು ಸ್ಕ್ರೀನ್‌ಶಾಟ್ ಓಡಾಡುತ್ತಿರುತ್ತದೆ: "ಸಿಎ ಸರ್ಟಿಫಿಕೇಟ್ ಅಂತ ಕೇಳಿದ್ರ 'ಪರಿಶೀಲಿಸಬೇಡಿ' ಒತ್ತ್ರಿ, ಕನೆಕ್ಟ್ ಆಗತೈತಿ." ಸಿಎ ಸರ್ಟಿಫಿಕೇಟ್ ಎಂದರೆ ಎದುರಿನ ಸರ್ವರ್ ಅಸಲಿಯೇ ಎಂದು ಫೋನು ತಾಳೆ ನೋಡುವ ಪ್ರಮಾಣಪತ್ರ. ಅದನ್ನು ಬಿಟ್ಟರೂ ಕನೆಕ್ಟ್ ಏನೋ ಆಗುತ್ತದೆ. ಆದರೆ ಆ ಒಂದು ಒತ್ತುವಿಕೆಯಲ್ಲಿ ಇಡೀ ವ್ಯವಸ್ಥೆಯ ಅರ್ಧ ಬಲ ಹೋಯಿತು. ಗೇಟಿನಲ್ಲಿ ಲಾರಿಯ ಗುರುತು ಕೇಳುವಷ್ಟೇ ಮುಖ್ಯ, ಇದು ನಿಜವಾಗಿ ನಮ್ಮ ಗಿರಣಿಯೇ ಹೌದೋ ಎಂದು ಡ್ರೈವರ್ ನೋಡಿಕೊಳ್ಳುವುದು. ಕಾಲೇಜಿನ ಎದುರಿನ ಚಹಾದಂಗಡಿಯಲ್ಲಿ ಕೂತು ಯಾರಾದರೂ ಕಾಲೇಜಿನದೇ ಹೆಸರಿನ ವೈಫೈ ಹಚ್ಚಿದರೆ, ಸರ್ವರಿನ ಸರ್ಟಿಫಿಕೇಟ್ ನೋಡದ ಫೋನು ಜೇಬಿನಲ್ಲಿದ್ದಂತೆಯೇ ಅದಕ್ಕೆ ಲಕೋಟೆ ಕೊಟ್ಟುಬಿಡುತ್ತದೆ.

ಆ ಲಕೋಟೆಯೊಳಗಿನ ಪಾಸ್‌ವರ್ಡ್ ಸಾಮಾನ್ಯವಾಗಿ ಎಂಎಸ್-ಚಾಪ್-ವಿ2 ಎಂಬ ರೀತಿಯಲ್ಲಿ ಹೋಗುತ್ತದೆ. 2012ರ ಡೆಫ್‌ಕಾನ್ ಸಮ್ಮೇಳನದಲ್ಲಿ ಮಾಕ್ಸಿ ಮಾರ್ಲಿನ್‌ಸ್ಪೈಕ್ ಮತ್ತು ಡೇವಿಡ್ ಹಲ್ಟನ್ ಇದನ್ನು ಒಡೆಯುವ ಕೆಲಸವನ್ನು ಡಿಇಎಸ್ ಎಂಬ ಹಳೆಯ ಗೂಢಲಿಪಿಯ ಒಂದೇ ಒಂದು 56 ಬಿಟ್ಟಿನ ಕೀಲಿ ಹುಡುಕುವ ಮಟ್ಟಕ್ಕೆ ಇಳಿಸಿ ತೋರಿಸಿದರು. ಒಂದು ದಿನದೊಳಗೆ ಮುಗಿಯುವ ಕೆಲಸ. ಪಾಸ್‌ವರ್ಡ್ ಎಷ್ಟೇ ಉದ್ದವಿರಲಿ, ಅದು ಕಾಪಾಡುವುದಿಲ್ಲ. ಅದೇ ಪಾಸ್‌ವರ್ಡಿನಿಂದ ಈಮೇಲ್ ತೆರೆಯುತ್ತದೆ, ವೇತನದ ಪುಟವೂ ತೆರೆಯುತ್ತದೆ ಎಂದಾದರೆ, ವೈಫೈಯನ್ನು ಬಿಗಿ ಮಾಡಲು ಹೋಗಿ ಮೊದಲಿಗಿಂತ ದೊಡ್ಡ ಗಂಡಾಂತರ ತಂದುಕೊಂಡಂತಾಯಿತು. 2020ರ ಡಿಸೆಂಬರ್ ಅಪ್‌ಡೇಟಿನಲ್ಲಿ ಗೂಗಲ್ ತನ್ನ ಪಿಕ್ಸೆಲ್ ಫೋನುಗಳಿಂದ 'ಪರಿಶೀಲಿಸಬೇಡಿ' ಆಯ್ಕೆಯನ್ನೇ ತೆಗೆದುಹಾಕಿತು. ಹಳೆಯ ಫೋನುಗಳಲ್ಲಿ ಅದು ಇನ್ನೂ ಇದೆ, ನಮ್ಮ ಹುಡುಗರ ಕೈಯಲ್ಲಿರುವುದು ಹೆಚ್ಚಾಗಿ ಹಳೆಯ ಫೋನೇ.

ಆದ್ದರಿಂದ ನನ್ನ ಮಾತು ಇಷ್ಟು. ಸಂಸ್ಥೆಯದೇ ಆದ ಕಂಪ್ಯೂಟರ್, ಲ್ಯಾಪ್‌ಟಾಪ್‌ಗಳಿಗೆ ಪಾಸ್‌ವರ್ಡೇ ಬೇಡ, ಈಎಪಿ-ಟಿಎಲ್‌ಎಸ್ ಎಂಬ ರೀತಿಯನ್ನು ಹಾಕಿ. ಅದರಲ್ಲಿ ಸಾಧನಕ್ಕೊಂದು ಸರ್ಟಿಫಿಕೇಟ್, ಸರ್ವರಿಗೊಂದು ಸರ್ಟಿಫಿಕೇಟ್, ಎರಡೂ ಕಡೆಯವರು ಒಬ್ಬರನ್ನೊಬ್ಬರು ನೋಡಿಯೇ ಮುಂದಕ್ಕೆ ಹೋಗುತ್ತಾರೆ, ಕದಿಯಲು ಪಾಸ್‌ವರ್ಡ್ ಎಂಬುದೇ ಇರುವುದಿಲ್ಲ. ವಿದ್ಯಾರ್ಥಿಗಳ ಸ್ವಂತ ಫೋನಿಗೆ ಪಾಸ್‌ವರ್ಡ್ ರೀತಿಯನ್ನೇ ಇಡಬೇಕಾದೀತು. ಆಗ ಸಿಎ ಸರ್ಟಿಫಿಕೇಟ್ ಮತ್ತು ಸರ್ವರ್ ಹೆಸರನ್ನು ತಾನೇ ತುಂಬುವ ಪ್ರೊಫೈಲ್ ಫೈಲನ್ನು ಪ್ರವೇಶದ ದಿನವೇ ಕೊಡಿ, ವೈಫೈ ಪಾಸ್‌ವರ್ಡ್ ಬೇರೆ ಯಾವುದಕ್ಕೂ ಬಳಕೆಯಾಗದಂತೆ ಪ್ರತ್ಯೇಕವಾಗಿಡಿ. ಸರ್ಟಿಫಿಕೇಟನ್ನು ಹೊರಗಿನಿಂದ ಕೊಳ್ಳುವುದಕ್ಕಿಂತ ಸಂಸ್ಥೆಯದೇ ಸಿಎ (ಸರ್ಟಿಫಿಕೇಟ್ ಕೊಡುವ ವ್ಯವಸ್ಥೆ) ಕಟ್ಟಿಕೊಳ್ಳುವುದು ಲೇಸು. ವೆಬ್‌ಸೈಟುಗಳಿಗೆ ಕೊಡುವ ಸಾರ್ವಜನಿಕ ಸರ್ಟಿಫಿಕೇಟುಗಳ ಆಯಸ್ಸನ್ನು 2029ರ ಹೊತ್ತಿಗೆ 47 ದಿನಕ್ಕೆ ಇಳಿಸಲು 2025ರ ಏಪ್ರಿಲ್‌ನಲ್ಲಿ ತೀರ್ಮಾನವಾಗಿದೆ. ತಿಂಗಳೊಪ್ಪತ್ತಿಗೊಮ್ಮೆ ಸರ್ಟಿಫಿಕೇಟ್ ಬದಲಾಗಿ ನೂರಾರು ಫೋನುಗಳು "ಇದನ್ನು ನಂಬಲೇ?" ಎಂದು ಕೇಳತೊಡಗಿದರೆ ಜನ ಓದದೆ ಹೌದು ಎನ್ನುವುದನ್ನು ರೂಢಿ ಮಾಡಿಕೊಳ್ಳುತ್ತಾರೆ.

ತಂತಿಯ ಕಡೆಗೆ ಬಂದರೆ ಕಷ್ಟ ಬೇರೆ ಥರದ್ದು. ವಿಂಡೋಸ್ ಕಂಪ್ಯೂಟರಿನಲ್ಲಿ ತಂತಿಯ ದೃಢೀಕರಣಕ್ಕೆ ಬೇಕಾದ 'ವೈರ್ಡ್ ಆಟೋಕಾನ್ಫಿಗ್' ಎಂಬ ಸೇವೆ ತಾನಾಗಿ ಓಡುತ್ತಿರುವುದಿಲ್ಲ, ಅದನ್ನು ಚಾಲೂ ಮಾಡಬೇಕು. ಇದು ಗೊತ್ತಿಲ್ಲದೆ ಅರ್ಧ ದಿನ ಸ್ವಿಚ್ಚನ್ನು ಬೈದವರನ್ನು ಕಂಡಿದ್ದೇನೆ. ಮೇಜಿನ ಕೆಳಗೆ ಇಟ್ಟ ಐದು ಪೋರ್ಟಿನ ಅಗ್ಗದ ಸ್ವಿಚ್ಚುಗಳು ಇನ್ನೊಂದು ತಾಪತ್ರಯ. ಕೆಲವು ಆ ಲಕೋಟೆಯನ್ನೇ ನುಂಗುತ್ತವೆ. ಕೆಲವು ದಾಟಿಸುತ್ತವೆ, ಆದರೆ ಮುಖ್ಯ ಸ್ವಿಚ್ಚಿನಲ್ಲಿ ಪೋರ್ಟಿನ ಸೆಟ್ಟಿಂಗ್ ಸಡಿಲವಿದ್ದರೆ ಒಬ್ಬ ಲಾಗಿನ್ ಆದ ಕೂಡಲೇ ಅವನ ಬೆನ್ನಿಗೆ ಉಳಿದ ನಾಲ್ವರೂ ಒಳಗೆ ಬರುತ್ತಾರೆ. ಪ್ರತಿ ಸಾಧನವನ್ನೂ ಬೇರೆಯಾಗಿ ಕೇಳುವಂತೆ ಹೊಂದಿಸಬೇಕು.

ಇನ್ನು ಮಾತೇ ಬಾರದ ಯಂತ್ರಗಳು. ಬಳ್ಳಾರಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಎಕ್ಸ್‌ರೇ ಯಂತ್ರದ ಜೊತೆ ಬಂದ ಕಂಪ್ಯೂಟರಿಗೆ ಕೈ ಹಚ್ಚುವಂತಿರಲಿಲ್ಲ, ಹಚ್ಚಿದರೆ ಕಂಪನಿಯ ಗ್ಯಾರಂಟಿ ಹೋಗುತ್ತದೆ. ಪ್ರಿಂಟರು, ಸಿಸಿಟಿವಿ, ಬೆರಳಚ್ಚಿನ ಹಾಜರಿ ಯಂತ್ರ, ಎಲ್ಲದರ ಪಾಡೂ ಇದೇ. ಇವಕ್ಕೆ ಹೆಸರು, ಸರ್ಟಿಫಿಕೇಟ್ ಕೊಡಲು ಬಾರದು. ಆಗ ಸ್ವಿಚ್ ಅವುಗಳ ಮ್ಯಾಕ್ ವಿಳಾಸವನ್ನೇ ಗುರುತಾಗಿ ತೆಗೆದುಕೊಂಡು ಒಳಗೆ ಬಿಡುತ್ತದೆ. ಆ ಮ್ಯಾಕ್ ವಿಳಾಸ ಎಲ್ಲಿರುತ್ತದೆ? ಪ್ರಿಂಟರಿನ ಬೆನ್ನಿಗೆ ಅಂಟಿಸಿದ ಬಿಳಿ ಚೀಟಿಯ ಮೇಲೆ, ಹನ್ನೆರಡು ಅಕ್ಷರಗಳಲ್ಲಿ. ಫೋನಿನಲ್ಲಿ ಒಂದು ಫೋಟೋ ಹೊಡೆದುಕೊಂಡರೆ ಸಾಕು, ಯಾವ ಲ್ಯಾಪ್‌ಟಾಪಿಗೂ ಅದನ್ನು ಬರೆದುಕೊಳ್ಳಬಹುದು. ಗೋಡೆಯ ಮೇಲಿನ ಪಾಸ್‌ವರ್ಡ್ ಚೀಟಿಯೇ ಬೇರೆ ರೂಪದಲ್ಲಿ ಬಂದಂತಾಯಿತು. ಅದಕ್ಕೇ ಮ್ಯಾಕ್ ಪಟ್ಟಿಯಿಂದ ಒಳಬಂದವರಿಗೆ ಕಟ್ಟುನಿಟ್ಟಾದ ವಿಲ್ಯಾನ್ ಬೇಕು. ಪ್ರಿಂಟರು ಪ್ರಿಂಟ್ ಸರ್ವರಿನ ಜೊತೆ ಮಾತ್ರ ಮಾತಾಡಲಿ, ಎಕ್ಸ್‌ರೇ ಯಂತ್ರ ಚಿತ್ರ ಉಳಿಸುವ ಸರ್ವರಿನ ಜೊತೆ ಮಾತ್ರ. ಈ ಪಟ್ಟಿ ತಿಂಗಳು ತಿಂಗಳು ಬೆಳೆಯುತ್ತದೆ. "ಈ ಒಂದು ಕಂಪ್ಯೂಟರ್ ಲಾಗಿನ್ ಆಗವಲ್ದು, ಸದ್ಯಕ್ಕ ಪಟ್ಟಿಗೆ ಹಾಕ್ರಿ" ಎಂದು ಬಂದ 'ಸದ್ಯಕ್ಕ'ಗಳೆಲ್ಲ ಅಲ್ಲೇ ಉಳಿಯುತ್ತವೆ. ಯಾವ ಸಂಸ್ಥೆಯ ವ್ಯವಸ್ಥೆ ಗಟ್ಟಿಯಾಗಿದೆ ಎಂದು ತಿಳಿಯಲು ನಾನು ಮೊದಲು ಕೇಳುವುದು ಈ ಪಟ್ಟಿಯನ್ನೇ.

2024ರ ಜುಲೈನಲ್ಲಿ ಬಯಲಾದ 'ಬ್ಲಾಸ್ಟ್-ರೇಡಿಯಸ್' ದೋಷವೂ ಇಲ್ಲೇ ಚುಚ್ಚುತ್ತದೆ. ಸ್ವಿಚ್ ಮತ್ತು ರೇಡಿಯಸ್ ಸರ್ವರಿನ ನಡುವಿನ ಉತ್ತರವನ್ನು ಕಾಯುವುದು ಎಂಡಿ5 ಎಂಬ ಹಳೆಯ ಲೆಕ್ಕ. ನಡುವೆ ಕೂತವನು ಆ ದೌರ್ಬಲ್ಯ ಬಳಸಿ 'ಬೇಡ' ಎಂಬ ಉತ್ತರವನ್ನು 'ಬಿಡು' ಎಂದು ತಿದ್ದಬಹುದೆಂದು ಸಂಶೋಧಕರು ತೋರಿಸಿದರು. ಈಎಪಿ (ಆ ಲಕೋಟೆಯ ವ್ಯವಹಾರದ ರೀತಿ) ಬಳಸುವ 802.1ಎಕ್ಸ್‌ಗೆ ಇದು ತಟ್ಟುವುದಿಲ್ಲ, ಅದರಲ್ಲಿ ಸಂದೇಶದ ಮೇಲೆ ಬೇರೆ ಮುದ್ರೆ ಕಡ್ಡಾಯ. ತಟ್ಟುವುದು ಮ್ಯಾಕ್ ಪಟ್ಟಿಯ ವ್ಯವಹಾರಕ್ಕೆ. ಸರ್ವರ್ ಮತ್ತು ಸ್ವಿಚ್ ಎರಡರ ತಂತ್ರಾಂಶವನ್ನೂ ಹೊಸದಾಗಿಸಿ ಆ ಮುದ್ರೆಯನ್ನು ಎಲ್ಲ ಸಂದೇಶಕ್ಕೂ ಕಡ್ಡಾಯ ಮಾಡಬೇಕು. ಕೊಪ್ಪಳದ ಶಾಖೆಯಿಂದ ಬಳ್ಳಾರಿಯ ಕೇಂದ್ರ ಕಚೇರಿಗೆ ರೇಡಿಯಸ್ ಹೋಗುವುದಾದರೆ ಬಯಲು ಇಂಟರ್ನೆಟ್ಟಿನಲ್ಲಿ ಬೇಡವೇ ಬೇಡ, ವಿಪಿಎನ್ ಅಥವಾ ಟಿಎಲ್‌ಎಸ್ ಎಂಬ ಗೂಢಲಿಪಿಯ ಹೊದಿಕೆಯೊಳಗೆ ಹೋಗಲಿ.

ನಮ್ಮ ಸೀಮೆಗೇ ಸೇರಿದ ತೊಂದರೆ ಕರೆಂಟು ಮತ್ತು ಬಿಸಿಲಿನದು. ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟುವುದು ಮಾಮೂಲು, ಸ್ವಿಚ್ ಇರುವುದು ಮೆಟ್ಟಿಲ ಕೆಳಗಿನ ಗಾಳಿಯಾಡದ ಗೂಡಿನಲ್ಲಿ. ಗುಮಾಸ್ತನಿಲ್ಲದ ದಿನ ಗಿರಣಿಯ ಗೇಟೇ ತೆರೆಯದು ಎಂಬಂತೆ, ರೇಡಿಯಸ್ ಸರ್ವರ್ ಬಿದ್ದರೆ ಇಡೀ ಕಾಲೇಜು ಹೊರಗೆ. ಅದಕ್ಕೆ ಎರಡು ಸರ್ವರ್ ಬೇಕು, ಬೇರೆ ಬೇರೆ ಕೋಣೆಯಲ್ಲಿ, ಬೇರೆ ಬೇರೆ ಯುಪಿಎಸ್ ಮೇಲೆ. ಎರಡೂ ಉತ್ತರಿಸದಿದ್ದರೆ ಆಸ್ಪತ್ರೆಯಂಥ ಕಡೆ ತುರ್ತು ವಿಲ್ಯಾನ್ ಒಂದನ್ನು ಮೊದಲೇ ಗೊತ್ತುಮಾಡಿ ಸ್ವಿಚ್ಚಿಗೆ ಹೇಳಿಟ್ಟಿರಬೇಕು.

ಒಮ್ಮೆ ಒಂದು ಗಣಕ ಪ್ರಯೋಗಾಲಯದಲ್ಲಿ ಸೋಮವಾರ ಬೆಳಿಗ್ಗೆ ಹನ್ನೊಂದು ಕಂಪ್ಯೂಟರುಗಳು ಜಾಲಕ್ಕೆ ಸೇರಲಿಲ್ಲ. ಶನಿವಾರ ಎಲ್ಲ ಸರಿಯಿತ್ತು. ಸರ್ಟಿಫಿಕೇಟ್ ನೋಡಿದೆ, ಸ್ವಿಚ್ ನೋಡಿದೆ, ಲಾಗ್ ನೋಡಿದೆ. ಕೊನೆಗೆ ಪರದೆಯ ಬಲಮೂಲೆಗೆ ಕಣ್ಣು ಹೋಯಿತು: ತಾರೀಖು 2009ರ ಜನವರಿ 1. ಭಾನುವಾರ ಇಡೀ ದಿನ ಕರೆಂಟ್ ಇರಲಿಲ್ಲ. ಒಳಗಿನ ಬಟನ್ ಬ್ಯಾಟರಿ ಸತ್ತಿದ್ದ ಕಂಪ್ಯೂಟರುಗಳು ಹುಟ್ಟಿದ ವರ್ಷಕ್ಕೆ ವಾಪಸ್ ಹೋಗಿದ್ದವು. 2009ರಲ್ಲಿ ಕೂತ ಕಂಪ್ಯೂಟರಿಗೆ ಈಗಿನ ಸರ್ಟಿಫಿಕೇಟ್ ಇನ್ನೂ ಹುಟ್ಟಿಯೇ ಇಲ್ಲ. ಗಡಿಯಾರ ಸರಿಮಾಡಿಕೊಳ್ಳಲು ಜಾಲ ಬೇಕು, ಜಾಲಕ್ಕೆ ಹೋಗಲು ಗಡಿಯಾರ ಸರಿಯಿರಬೇಕು. ವಾಚ್ ರಿಪೇರಿ ಅಂಗಡಿಯಲ್ಲಿ ಸಿಗುವ ಸಿಆರ್2032 ಬ್ಯಾಟರಿ ಹನ್ನೊಂದು ತಂದು ಹಾಕಿದೆವು. ಅಂದಿನಿಂದ ಈ ಕೆಲಸ ಶುರುಮಾಡುವ ಮೊದಲು ಹಳೆಯ ಕಂಪ್ಯೂಟರುಗಳ ಬ್ಯಾಟರಿ ಬದಲಿಸುವುದನ್ನು ಅಂದಾಜು ಪಟ್ಟಿಯಲ್ಲೇ ಬರೆಯುತ್ತೇನೆ.

ಖರ್ಚಿನ ಮಾತು ಸಣ್ಣದು. ಫ್ರೀರೇಡಿಯಸ್ ತಂತ್ರಾಂಶಕ್ಕೆ ಹಣವಿಲ್ಲ. ವಿಂಡೋಸ್ ಸರ್ವರ್ ಇದ್ದವರಿಗೆ ಎನ್‌ಪಿಎಸ್ ಎಂಬ ರೇಡಿಯಸ್ ಸರ್ವರ್ ಅದರೊಳಗೇ ಬರುತ್ತದೆ. ಮ್ಯಾನೇಜ್ಡ್ ಎನ್ನುವ, ಅಂದರೆ ಸೆಟ್ಟಿಂಗ್ ಬದಲಿಸಬಹುದಾದ, ಸ್ವಿಚ್ಚುಗಳಲ್ಲಿ 802.1ಎಕ್ಸ್ ಸಾಮಾನ್ಯವಾಗಿ ಇದ್ದೇ ಇರುತ್ತದೆ, ಎಷ್ಟೋ ಕಡೆ ಕೊಂಡಂದಿನಿಂದ ಸುಮ್ಮನೆ ಕೂತಿದೆ. ಹಾಗೆಂದು ಐದಾರು ಮಂದಿಯ ಜೀನ್ಸ್ ಹೊಲಿಗೆ ಘಟಕಕ್ಕೆ ಇದೆಲ್ಲ ಬೇಕೆಂದು ನಾನು ಹೇಳುವುದಿಲ್ಲ. ಅವರಿಗೆ ಡಬ್ಲ್ಯೂಪಿಎ2ರ ಮುಂದಿನ ರೂಪವಾದ ಡಬ್ಲ್ಯೂಪಿಎ3, ಅತಿಥಿಗಳಿಗೆ ಬೇರೆ ವೈಫೈ, ಕೆಲಸ ಬಿಟ್ಟವರ ಹಿಂದೆಯೇ ಪಾಸ್‌ವರ್ಡ್ ಬದಲಾವಣೆ, ಇಷ್ಟು ಸಾಕು.

ದೊಡ್ಡ ಕಡೆ ಹಾಕುವಾಗ ಮಾತ್ರ ಮೊದಲ ದಿನವೇ ಬಾಗಿಲು ಮುಚ್ಚಬೇಡಿ. ಸ್ವಿಚ್ಚುಗಳನ್ನು ಎರಡು ಮೂರು ವಾರ ಬರೀ ನೋಡುವ ಸ್ಥಿತಿಯಲ್ಲಿಡಿ. ಯಾರಿಗೂ ತಡೆಯಿಲ್ಲ, ಆದರೆ ಯಾರು ಲಾಗಿನ್ ಆದರು, ಯಾರು ಆಗಲಿಲ್ಲ ಎಂದು ಲಾಗ್ ಬರೆಯುತ್ತಾ ಹೋಗಲಿ. ಮರೆತೇ ಹೋಗಿದ್ದ ಯಂತ್ರಗಳು ಆಗ ಒಂದೊಂದಾಗಿ ಹೊರಬರುತ್ತವೆ. ಆ ಲಾಗಿನಲ್ಲಿ ಜನರ ಹೆಸರು, ಬಂದ ಹೊತ್ತು, ಹೋದ ಹೊತ್ತು ಇರುತ್ತದೆಂಬ ಎಚ್ಚರವೂ ಇರಲಿ. ಯಾರು ಅದನ್ನು ತೆರೆಯಬಹುದು ಎಂದು ಬರೆದಿಡಬೇಕು. ಒಬ್ಬ ವಿದ್ಯಾರ್ಥಿನಿ ಯಾವ ಹೊತ್ತಿಗೆ ಗ್ರಂಥಾಲಯದಲ್ಲಿದ್ದಳು ಎಂಬುದು ಕುತೂಹಲಕ್ಕೆ ನೋಡುವ ವಿಷಯವಲ್ಲ.

ಇಷ್ಟೆಲ್ಲ ಯಂತ್ರ ಕೂಡಿಸಿದ ಮೇಲೂ ಕೆಲಸ ಕೆಡುವುದು ಬೇರೆ ಕಡೆ. ಕೊಪ್ಪಳದ ಒಂದು ಕಚೇರಿಗೆ ಹೊರಗುತ್ತಿಗೆಯಲ್ಲಿ ಹೊಸ ಡೇಟಾ ಎಂಟ್ರಿ ಆಪರೇಟರ್ ಬಂದಳು. ಖಾತೆಗೆ ಅರ್ಜಿ ಹೋಯಿತು, ಸಹಿಯಾಗಿ ಬರಲು ಎಂಟು ದಿನ ಹಿಡಿಯಿತು. ಅವಳಿಗೆ ಕೆಲಸ ಮಾತ್ರ ಮೊದಲ ದಿನದಿಂದಲೇ. "ಅಕ್ಕಾರ, ನಿಮ್ಮ ಲಾಗಿನ್ ಹಾಕಿಕೊಡ್ರಿ" ಎಂದು ಪಕ್ಕದವರನ್ನು ಕೇಳಿದಳು, ಅವರು ಹಾಕಿಕೊಟ್ಟರು. ಎಂಟು ದಿನ ಲಾಗಿನಲ್ಲಿ ಬಿದ್ದದ್ದೆಲ್ಲ ಆ ಅಕ್ಕನ ಹೆಸರು. ಅವಳದೂ ತಪ್ಪಿಲ್ಲ, ಅಕ್ಕನದೂ ತಪ್ಪಿಲ್ಲ. ಈಗ ಆ ಕಚೇರಿಯಲ್ಲಿ ಕೆಲಸಕ್ಕೆ ಹಾಜರಾದ ವರದಿಯ ಜೊತೆಗೇ ಖಾತೆಯ ಹಾಳೆಯನ್ನೂ ಟ್ಯಾಗ್ ಹಾಕಿ ಕಡತಕ್ಕೆ ಸೇರಿಸುತ್ತಾರೆ, ಅದೇ ದಿನ ಮಧ್ಯಾಹ್ನದೊಳಗೆ ಲಾಗಿನ್ ಸಿಗುತ್ತದೆ. ಆ ಹಾಳೆಯ ಕೊನೆಯ ಕಾಲಂ 'ಖಾತೆ ಮುಗಿಯುವ ದಿನಾಂಕ'. ಗುತ್ತಿಗೆಯ ಆದೇಶದಲ್ಲಿರುವ ದಿನಾಂಕವನ್ನೇ ಅಲ್ಲಿ ಬರೆಯುತ್ತಾರೆ, ಅದು ಖಾಲಿಯಿದ್ದರೆ ಮೇಲಿನವರು ಸಹಿ ಹಾಕುವುದಿಲ್ಲ.